ಎರಡು ಗಂಟೆ ಐವತ್ತು ನಿಮಿಷ

ನನ್ನ ತಮ್ಮ ಜ್ಞಾನೇಶನಂಥ ಪೆದ್ದನನ್ನು ಭದ್ರಾವತಿ ಪೂರ್ತಿ ಹುಡುಕಿದರೂ ಸಿಗಲಿಕ್ಕಿಲ್ಲ. ಮದುವೆಯಾಗಿ ಹತ್ತು ವರ್ಷಕ್ಕೆ ಅವನಿಗೊಂದು ಗಂಡುಮಗು ಹುಟ್ಟಿದೆ. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಹೇಳುವಾಗ ಹಿಂದೆ ನಿಂತ ಹೆಂಗಸರೆಲ್ಲ ನಗುತ್ತಾ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ತಿನ್ನಲೆಂದೇ ನಾನು ಗುವಾಹಟಿಯಿಂದ ಹೊರಟಿದ್ದೆ. ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ನಾನು. ಮೂರು ವರ್ಷದ ಮೇಲೆ ಊರಿಗೆ ಬರುವಷ್ಟು ರಜೆ ಸಿಕ್ಕಿತ್ತು. ಅವ್ವ ಇತ್ತೀಚೆಗೆ ಫೋನಿನಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು, ಅದೂ ಮನಸ್ಸು ಕೊರೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಆರರ ವಿಮಾನ ಎಂದು ತಮ್ಮನಿಗೆ ಹೇಳಿದ್ದೆ. ನಮ್ಮಲ್ಲಿ ತೊಟ್ಟಿಲ ಶಾಸ್ತ್ರ ಯಾವತ್ತೂ ದೀಪ ಹಚ್ಚುವ ಹೊತ್ತಿಗೇ, ಹಾಗಾಗಿ ಹೊತ್ತು ಕೇಳಲಿಲ್ಲ. ಬೆಂಗಳೂರಿನಲ್ಲಿ ಇಳಿದು ಒಂಬತ್ತೂವರೆಗೆ ಫೋನ್ ಮಾಡಿದೆ.

“ಶಿವಮೊಗ್ಗ ಏರ್‌ಪೋರ್ಟಲ್ಲಿ ಇಳಿದ್ಯಾ ಅಕ್ಕ? ಬೇಗ ಬಾ, ಹನ್ನೊಂದೂವರೆಗೆ ಮುಹೂರ್ತ. ಮಧ್ಯಾಹ್ನದ ಊಟ ಎಲ್ರಿಗೂ ಅನುಕೂಲ ಅಂತ ಶಿವಮೊಗ್ಗದಲ್ಲೇ ಸವಳಂಗ ರಸ್ತೇಲಿ ಛತ್ರ ಹಿಡಿದಿದೀನಿ.”

“ಯಾವ ಶಿವಮೊಗ್ಗವೋ! ನಾನಿನ್ನೂ ಬೆಂಗಳೂರಲ್ಲಿದೀನಿ!”

“ಗುವಾಹಟಿ ಟು ಶಿವಮೊಗ್ಗ ಎರಡು ಸಾವಿರದ ನೂರೈವತ್ತು ಕಿಲೋಮೀಟ್ರು, ವಿಮಾನಕ್ಕೆ ಎರಡು ಗಂಟೆ ಐವತ್ತು ನಿಮಿಷ ಅಂತ ಫೋನಲ್ಲಿ ಬಂತಲ್ಲ?”

“ಅದು ಕಾಗೆ ನೆಟ್ಟಗೆ ಹಾರಿದ್ರೆ ಮಾರಾಯ! ಅಲ್ಲಿಂದ ಇಲ್ಲಿಗೆ ನೇರ ವಿಮಾನವೇ ಇಲ್ಲ! ಸಂಜೆಗೆ ಹಾಕು.”

“ಮೂರಕ್ಕೆ ಛತ್ರ ಬಿಟ್ಕೊಡ್ಬೇಕಲ್ಲ ಅಕ್ಕ...”

ಫೋನ್ ಕುಕ್ಕಿ ಟ್ಯಾಕ್ಸಿ ಹಿಡಿದೆ. ತರೀಕೆರೆ ದಾಟುವವರೆಗೂ ಅವನನ್ನು ಬಾಯಿಗೆ ಬಂದಂತೆ ಬೈದೆ. ಡ್ರೈವರ್ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಭದ್ರಾವತಿಯ ಕಾಗದನಗರದಲ್ಲಿರುವ ನಮ್ಮ ಮನೆ ತಲುಪಿದಾಗ ನಾಲ್ಕು ಗಂಟೆ. ಛತ್ರದಿಂದ ಎಲ್ಲರೂ ವಾಪಸಾಗಿದ್ದರು. ದೊಡ್ಡಪ್ಪನ ಮಗಳು ರಶ್ಮಿ ನನ್ನ ಮುಖ ನೋಡದೆ ಒಳಗೆ ಸರಿದಳು. ಹೆಸರು ಅವಳೇ ಹೇಳಿದ್ದಾಳೆಂದು ಗೊತ್ತಾಯಿತು.

“ಅದೇ ಹೆಸರಕ್ಕ, ಆಕರ್ಷ. ಯಾರು ಹೇಳಿದ್ರೇನು?” ಎಂದ ಜ್ಞಾನೇಶ.

“ಯಾರು ಹೇಳಿದ್ರೇನಾ? ನಿಂಗೆ ಇರೋಳು ನಾನೊಬ್ಳೇ ಅಕ್ಕ ಅಲ್ವೇನೋ? ಫೋನನ್ನ ಕೇಳೋ ಬದ್ಲು ನನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಮಗುವನ್ನು ಎತ್ತಿಕೊಂಡೇ ಕೂಗಿದೆ. ಅದು ಬೆಚ್ಚಿ ಅತ್ತಿತು.

ಅಷ್ಟೂ ಹೊತ್ತು ಗೋಡೆಗೆ ಒರಗಿ ಕೂತಿದ್ದ ಅವ್ವ ಕೇಳಿದಳು: “ಉಮಾ, ನಿಜವಾಗ್ಲೂ ಎಷ್ಟು ಹೊತ್ತಾಯ್ತೇ ಬರೋಕೆ?”

“ಮನೆ ಬಿಟ್ಟು ಹದಿಮೂರು ಗಂಟೆ ಆಯ್ತವ್ವ.”

ಅವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. “ನೀನು ಅಲ್ಲಿಗೆ ಹೋದಾಗಿಂದ ಇವನು ಮೂರು ಗಂಟೆ ದಾರಿ ಅಂತಿದ್ದ. ಇಲ್ಲೇ ಕುಂಸಿಗೆ ಬಸ್ಸಲ್ಲಿ ಹೋಗಿ ಬರೋವಷ್ಟು ಹೊತ್ತು, ಅಷ್ಟು ದಾರಿನೂ ಬರೋಕಾಗದಷ್ಟು ನಾವು ಬೇಡ ಆದ್ವಾ ಅಂತ ಮೂರು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಕೊಂಡಿದ್ದೆ ಕಣೆ.”

ಮಗುವನ್ನು ಅವ್ವನ ಮಡಿಲಲ್ಲಿಟ್ಟೆ. ತಿರುಗಿ, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಜ್ಞಾನೇಶನ ಬೆನ್ನಿಗೆ ಗುದ್ದಿದೆ. ಅವನು ತಪ್ಪಿಸಿಕೊಳ್ಳದೆ ಬಗ್ಗಿ ನಿಂತ.

“ಇನ್ನೊಂದು ಹಾಕು” ಎಂದಳು ಅವ್ವ.