ಬಡತನ ಕಾಣದ ಮನೆ

“ಗರೀಬಿ ದಿಸತ ನಾಹೀ,” ಎಂದ ಡೈರೆಕ್ಟರ್, ನಮ್ಮ ಮನೆಯ ಗೋಡೆಗೆ ಬೆರಳು ಮಾಡಿ. ಬಡತನ ಕಾಣುತ್ತಿಲ್ಲವಂತೆ. ತಲೆತಲಾಂತರದಿಂದ ಅದರಲ್ಲೇ ಹುಟ್ಟಿ ಅದರಲ್ಲೇ ಸತ್ತರೂ ಅದನ್ನು ಸರಿಯಾಗಿ ತೋರಿಸುವುದು ನಮಗೆ ಬಂದಿಲ್ಲ. ಮುಂಬೈಯಿಂದ ಬಂದು ಇವರೇ ಕಲಿಸಬೇಕು.

ಗಡಿಯಂಚಿನ ನಮ್ಮ ಲಿಂಗನೂರಿನಲ್ಲಿ ಮರಾಠಿ ಸೀರಿಯಲ್ಲಿನ ಶೂಟಿಂಗ್. ನಮ್ಮ ಮನೆಯೇ ಲೊಕೇಶನ್. ಕೊಡುತ್ತೀರಾ ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಮನೆ ನಿಂತ ಜಾಗ ರಾವಸಾಬನದು, ಅವ್ವ ದುಡಿಯುವ ದ್ರಾಕ್ಷಿ ತೋಟವೂ ಅವನದೇ. ಅವನು ಹೂಂ ಅಂದರೆ ಮುಗಿಯಿತು.

ಆರ್ಟ್ ಡಿಪಾರ್ಟ್‌ಮೆಂಟಿನವರು ಮಸಿ ಕಲಸಿದ ನೀರನ್ನು ಗೋಡೆಗೆ ಎರಚಿದರು. ಬಾಗಿಲಿಗೆ ಸುಟ್ಟ ಎಣ್ಣೆ ಒರೆಸಿದರು. ನಿನ್ನೆಯಷ್ಟೇ ಅವ್ವ ಇಡೀ ಮನೆಗೆ ಸುಣ್ಣ ಹೊಡೆದಿದ್ದಳು. ಇವತ್ತು ಸಂಜೆ ಕುಪವಾಡದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು.

“ಏ ತಮ್ಮಾ, ನಿಲ್ಲಸೋ,” ಎಂದು ಅವ್ವ ಅಡ್ಡ ಹೋದಳು. “ಸಂಜಿಕ ನನ್ನ ಮಗಳನ್ನ ನೋಡಾಕ ಮಂದಿ ಬರತೈತಿ.”

ಡೈರೆಕ್ಟರನ ಅಸಿಸ್ಟಂಟ್ ನೀಲೇಶ ಮಿರಜದವನು, ಅರೆಬರೆ ಕನ್ನಡ ಬರುತ್ತಿತ್ತು. “ಮಾವಶಿ, ಗ್ವಾಡಿಗೆ ಹಾತ ಹಚ್ಚಬ್ಯಾಡ್ರಿ. ಕಂಟಿನ್ಯೂಟಿ ಐತಿ. ಮುಂಜಾನಿ ಶಾಟ್‌ನ್ಯಾಗ ಹ್ಯಾಂಗ ಕಾಣತೈತಿ, ಮಧ್ಯಾಹ್ನನೂ ಹಂಗ ಕಾಣಬೇಕು. ಉದ್ಯಾನೂ ಹಂಗ.”

“ಮುಗದ ಮ್ಯಾಲ ನೀವು ತೊಳದು ಕೊಡ್ತೀರೇನು?”

“ತೇ ಆಮಚಂ ಕಾಮ ನಾಹೀ.” ಅದು ಅವರ ಕೆಲಸವಲ್ಲವಂತೆ.

ರಾವಸಾಬ ಡೈರೆಕ್ಟರನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. “ಏ ಸರೂ, ನಿನ್ನ ಮಗಳನ್ನ ನೋಡಾಕ ಬರೋ ಭಿಕಾರಿಗೋಳಿಗೆ ಸುಣ್ಣದ ಗ್ವಾಡಿ ಬೇಕೇನು? ನಿನ್ನ ಹೊಲಸ ಗುಡಸಲಾ ಸಾಹೇಬ್ರು ಟೀವ್ಯಾಗ ತೋರಸ್ತಾರ. ಕೈ ಮುಗದು ಹೊರಗ ಕುಂಡ್ರು.”

ನಮ್ಮ ಅಂಗಳದಾಚೆ ಕುಳಿತೆವು. ಸೀರಿಯಲ್ಲಿನ ಕಥೆಯಲ್ಲಿ ಹೀರೋಯಿನ್ ಈ ಮನೆಯ ಮಗಳಂತೆ. ಅವಳ ಬಿಳಿ ಕೆನ್ನೆಗೆ ನನ್ನ ಬಣ್ಣ ಬಳಿದರು, ಕಣ್ಣಿಗೆ ಗ್ಲಿಸರಿನ್ ಬಿಟ್ಟರು. “ಸೈಲೆನ್ಸ್” ಎಂದು ಕೂಗಿದ ಮೇಲೆ ಅವ್ವನ ಕೆಮ್ಮೂ ತಪ್ಪಾಯಿತು. “ಆಕ್ಷನ್” ಅಂದಾಗ ಹೀರೋಯಿನ್ ಅತ್ತಳು, “ಕಟ್” ಅಂದಾಗ ಕೊಡೆ ಹಿಡಿಸಿಕೊಂಡು ನಕ್ಕಳು. ಇಷ್ಟು ಸುಲಭದ ಬಡತನ ನಮಗೆ ಒಂದು ದಿನವೂ ಸಿಕ್ಕಿಲ್ಲ. ಅವಳ ಮುಖಕ್ಕೆ ಉಗುಳಬೇಕೆನಿಸಿತು.

ಲಂಚ್ ಬ್ರೇಕ್ ಎಂದು ಎಲ್ಲರೂ ರಾವಸಾಬನ ವಾಡೆಗೆ ಉಣ್ಣಲು ಹೋದರು. ನಮ್ಮನ್ನು ಯಾರೂ ಕರೆಯಲಿಲ್ಲ, ಒಳ್ಳೆಯದೇ ಆಯಿತು. ಅವ್ವ ಎದ್ದು, ಬಕೆಟ್ಟಿನ ತಳದಲ್ಲಿ ಉಳಿದಿದ್ದ ಸುಣ್ಣಕ್ಕೆ ನೀರು ಹಾಕಿದಳು.

“ಅವ್ವಾ, ಮುಂಜಾನಿಂದ ತಗದದ್ದೆಲ್ಲಾ ಹಾಳಾಗತೈತಿ.”

“ಆಗಲಿ. ಅದಕ್ಕ ಬಳ್ಯಾಕತ್ತೇನಿ. ನೀ ಅರಬಿ ತಗೊಂಡು ಮಸಿ ಒರಸು.”

ನಾನು ಒರೆಸಿದೆ. ಅವಳು ಬಳಿದಳು. ಅವರು ತೇಗುತ್ತ ಬರುವ ಹೊತ್ತಿಗೆ ಮುಂದಿನ ಗೋಡೆ ಮುಕ್ಕಾಲು ಬೆಳ್ಳಗಾಗಿತ್ತು. ಡೈರೆಕ್ಟರ್ ತಲೆಯ ಮೇಲೆ ಕೈ ಹೊತ್ತ. ಬೆಳಗಿನದೆಲ್ಲ ಮತ್ತೆ ತೆಗೆಯಬೇಕೆಂದು ನೀಲೇಶನನ್ನು ಬೈಯತೊಡಗಿದ.

ರಾವಸಾಬ ಬಂದು ಉಳಿದ ಗೋಡೆಗೆ ಬೆನ್ನು ಕೊಟ್ಟು ನಿಂತ. “ನಾಳೆ ಮನಿ ಖಾಲಿ ಮಾಡು, ರಂಡೆ. ತ್ವಾಟದಾಗೂ ಕಾಲಿಡಬ್ಯಾಡ.”

ಅವ್ವ ಕುಂಚ ಅದ್ದಿದಳು. “ನಾಳೇದ ನಾಳೆ. ಇವತ್ತ ನನ್ನ ಮನಿಗೆ ಮಂದಿ ಬರತೈತಿ. ಸರಿಯೋ ಬಾಡ್ಯಾ, ನಿನ್ನ ಹಿಂದಿನ ಗ್ವಾಡಿ ಉಳದೈತಿ.”

ಅವನು ಸರಿಯಲಿಲ್ಲ. ಅವ್ವ ಅವನ ಮುಖ ನೋಡದೆ ಗೋಡೆಯುದ್ದಕ್ಕೂ ಬಳಿಯುತ್ತ ಬಂದಳು. ಕುಂಚ ಅವನ ತೋಳಿಗೆ ಮುಟ್ಟಿತು. ಅವಳು ಕೈ ನಿಲ್ಲಿಸಲಿಲ್ಲ.