ಗೌರಿ ಮಾರ್ಕಿನ ಚೀಟಿ

ಹುಣಸೂರಿನ ಸಂತೆಯಲ್ಲಿ ಯಾರೋ ಒಬ್ಬ ಬೀಡಿ ಕಟ್ಟು ಬಿಚ್ಚಿ, ಮೇಲಿನ ಚೀಟಿಯನ್ನು ಕಿತ್ತು ನೆಲಕ್ಕೆಸೆದ. ಅದು ಬಂದು ಚಿತ್ರಗಾರ ಮುದ್ದಯ್ಯನ ಕಾಲ ಬಳಿ ಬಿತ್ತು. ಚೀಟಿಯ ಮೇಲೆ ಗೌರಿಯ ಚಿತ್ರ. ಗೌರಿಯ ಗದ್ದದ ಮೇಲೆ ಮೂರು ಚುಕ್ಕಿಯ ಹಚ್ಚೆ. ಯಾವ ಸೀಮೆಯ ಗೌರಿ ಗದ್ದಕ್ಕೆ ಹಚ್ಚೆ ಹುಯ್ಯಿಸಿಕೊಂಡಾಳು? ಅದು ಅವನ ಹೆಂಡತಿ ಕೆಂಪಾಜಮ್ಮನ ಮುಖ. ಅವಳು ಪ್ಲೇಗಿನಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಅವನು ಬಗ್ಗುವಷ್ಟರಲ್ಲಿ ಎಲೆಯಡಿಕೆ ಜಗಿಯುತ್ತಿದ್ದವನೊಬ್ಬ ಚೀಟಿಯನ್ನು ತುಳಿದುಕೊಂಡು ಹೋದ.

ಬೀಡಿ ವ್ಯಾಪಾರಿ ರುದ್ರಸ್ವಾಮಿ ಅಂಗಡಿಯ ಪೂಜೆಗೆಂದು ಬರೆಸಿದ ಗೌರಿ ಅದು. ಎದುರಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಹೆಂಡತಿಯನ್ನೇ ನೋಡಿ ಮುದ್ದಯ್ಯ ಬರೆದಿದ್ದ.

"ಥೂ, ದೇವ್ರಿಗೆ ನನ್ ಮೋರೆ ಬುಡುಸ್ತೀರಾ? ಗೌರಮ್ಮ ಕ್ವಾಪ ಮಾಡ್ಕತಾಳೆ ಕಣ್ರೀ!" ಎಂದಿದ್ದಳು.

"ಮಾಡ್ಕಂಡ್ರೂ ನಿನ್ನಂಗೆ ಮೂರು ದಿನ ಮಾತು ಬುಡಾಕಿಲ್ಲ, ಸುಮ್ಕಿರು."

ಮುದ್ದಯ್ಯನ ಮನೆತನದಲ್ಲಿ ಕಣ್ಣು ಬರೆಯುವುದು ಕೊನೆಗೆ, ಅದೂ ಉಪವಾಸವಿದ್ದು. ದೇವರ ಚಿತ್ರಕ್ಕೆ ಬರೆದವನ ಹೆಸರು ಹಾಕುವುದಿಲ್ಲ. ಹಾಕಿದರೆ ಕೈ ಬೀಳುತ್ತದೆ ಎಂದು ಅವನಪ್ಪ ಹೇಳುತ್ತಿದ್ದ. ಚಿತ್ರ ಕೊಟ್ಟ ದಿನ ರುದ್ರಸ್ವಾಮಿ ಒಂದು ಕಾಗದ ಮುಂದಿಟ್ಟಿದ್ದರು. ಓದು ಬಾರದ ಮುದ್ದಯ್ಯ, ಹಣ ಮುಟ್ಟಿದ್ದಕ್ಕೆ ರಸೀದಿ ಎಂದುಕೊಂಡು ಹೆಬ್ಬೆಟ್ಟು ಒತ್ತಿದ್ದ. ಗೌರಿಯ ಸೀರೆಯ ಹಸಿರು ಬಣ್ಣ ಇನ್ನೂ ಬೆರಳಲ್ಲಿತ್ತು. ಅದಾಗಿ ಎರಡು ತಿಂಗಳಿಗೆ ಕೆಂಪಾಜಮ್ಮ ಹೋದಳು.

ಈಗ ಮುದ್ದಯ್ಯ ಆ ಚೀಟಿಯನ್ನು ಎತ್ತಿಕೊಂಡು, ಸಂತೆಯಿಂದ ನೇರ ಅಂಗಡಿಗೆ ಹೋಗಿ ರುದ್ರಸ್ವಾಮಿಯ ಮುಂದಿಟ್ಟ.

"ಇದನ್ನ ನಿಲ್ಸಿ ಸ್ವಾಮಿ. ನನ್ ಹೆಂಡ್ರು ಮುಖವ ಊರೆಲ್ಲ ತುಳೀತಾವ್ರೆ."

ರುದ್ರಸ್ವಾಮಿ ಪೆಟ್ಟಿಗೆಯಿಂದ ಆ ಹಳೇ ಕಾಗದ ತೆಗೆದರು. "ಬರೆದೋನ್ಗೇ ಹಕ್ಕು ಅಂತ ಈಗ ಕಾನೂನು ಬಂದೈತೆ ಕಣಯ್ಯ, ನಾನು ಇಲ್ಲ ಅನ್ನಾಕಿಲ್ಲ. ಆದ್ರೆ ಆ ಹಕ್ಕನ್ನ ನೀನೇ ನಂಗೆ ಬರ್ಕೊಟ್ಟಿದೀಯ. ವಕೀಲ್ರು ಹೇಳ್ದಂಗೇ ಬರ್ಸಿದ್ದು. ನೋಡು, ನಿನ್ನ ಹಸಿರು ಹೆಬ್ಬೆಟ್ಟು."

"ನಾನು ಕೊಟ್ಟಿದ್ದು ಗೌರಮ್ಮನ್ನ ಸ್ವಾಮಿ. ಕೆಂಪೀನ ನಾನ್ಯಾಕೆ ಕೊಡ್ಲಿ?"

ರುದ್ರಸ್ವಾಮಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕೆಟ್ಟ ಮನುಷ್ಯರೇನಲ್ಲ. ಕಾಗದವನ್ನು ಮಡಚಿಟ್ಟರು.

"ಶಿವನಾಣೆ, ನಂಗೆ ಗೊತ್ತಿರ್ಲಿಲ್ಲ. ಆಯ್ತು, ಕಾಗದ ಅತ್ಲಾಗಿರ್ಲಿ. ನಾಳೆನೇ ಮೈಸೂರಿನ ಅಚ್ಚುಕೂಟಕ್ಕೆ ಹೇಳಿಕಳಿಸ್ತೀನಿ. ಚೀಟಿ ಅಚ್ಚಾಕೋ ಕಲ್ಲಿನ ಮೇಲಿರೋ ಚಿತ್ರವ ಉಜ್ಜಿ ಅಳಿಸ್ಬುಡ್ತಾರೆ. ಬ್ಯಾರೆ ಗೌರಿ ಬರ್ಕೊಡು."

ಮುದ್ದಯ್ಯ ಕೈ ಮುಗಿದ. "ನಾನು ಬರೆದಿದ್ದು ವಾಪಸ್ ಕೊಡಿ, ಸಾಕು."

"ಅದೆಲ್ಲಿ ಬಂತು! ಅಚ್ಚುಕೂಟದಲ್ಲೇ ಗೆದ್ದಲು ತಿಂದೋಯ್ತು. ಈಗಿರೋದು ಆ ಕಲ್ಲಿನ ಮೇಲಿರೋದೊಂದೇ."

ಮುದ್ದಯ್ಯನ ಕೈ ಮುಗಿದಂತೆಯೇ ಉಳಿಯಿತು. ಮೂರು ವರ್ಷದಿಂದ ಅವನು ಹೆಂಡತಿಯನ್ನು ಮತ್ತೆ ಬರೆಯಲು ನೋಡಿದ್ದ. ಮೂಗು ಬರುತ್ತಿತ್ತು, ಹಚ್ಚೆ ಬರುತ್ತಿತ್ತು. ಉಪವಾಸವಿದ್ದು ಬರೆದರೂ ಕಣ್ಣು ಮಾತ್ರ ಯಾರದೋ ಆಗುತ್ತಿತ್ತು. ಹೋದ ಸಲವಂತೂ ಚಿತ್ರದಲ್ಲಿ ಅವಳ ತಂಗಿಯ ಕಣ್ಣು ಬಂದು ಕೂತಿತ್ತು. ಹೆಂಡತಿಯ ಕಣ್ಣೇ ತನಗೆ ಮರೆತುಹೋಗಿದೆ ಎಂದು ಅವನು ಯಾರ ಬಳಿಯೂ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

"ಏನಂತೀಯ? ಅಳಿಸ್ಲಾ?" ಎಂದರು ರುದ್ರಸ್ವಾಮಿ.

"ಬ್ಯಾಡಿ." ಎಂದ ಮುದ್ದಯ್ಯ. "ದಮ್ಮಯ್ಯ, ಆ ಕಲ್ಲ ಉಜ್ಬ್ಯಾಡಿ ಸ್ವಾಮಿ. ಅಚ್ಚಾಕ್ಸಿ. ಅಂಗೇ ಇರ್ಲಿ ಬುಡಿ."

ಹೊರಗೆ ಸಂತೆ ಕರಗುತ್ತಿತ್ತು. ಮುದ್ದಯ್ಯ ಬಗ್ಗಿ ಬಗ್ಗಿ ಚೀಟಿಗಳನ್ನು ಆಯತೊಡಗಿದ. ಗಾಡಿ ಹೂಡುತ್ತಿದ್ದ ಪರಿಚಯದ ನಂಜಣ್ಣ ನಕ್ಕ. "ಏನ್ಲಾ ಮುದ್ದ, ಬೀಡಿ ಬುಟ್ಟು ಚೀಟಿ ಸೇದಾಕೆ ಸುರು ಮಾಡ್ದಾ?"

ಮುದ್ದಯ್ಯ ಮುಂದಿನ ಚೀಟಿಗೆ ಬಗ್ಗಿದ. ಕೈಗೆ ಸಿಕ್ಕ ಒಂದು ಚೀಟಿಯ ಮೇಲೆ ಎಲೆಯಡಿಕೆಯ ಉಗುಳು ಬಿದ್ದಿತ್ತು. ಪಂಚೆಯ ತುದಿಯಿಂದ ಮೆಲ್ಲಗೆ ಒರೆಸಿದ. ಗದ್ದದ ಮೇಲಿನ ಕೆಂಪು ಹೋಯಿತು, ಅದರ ಜೊತೆ ಹಚ್ಚೆಯ ಒಂದು ಚುಕ್ಕಿಯೂ ಹೋಯಿತು. ಕಣ್ಣಿನ ಹತ್ತಿರ ಇನ್ನೂ ಕೆಂಪಿತ್ತು. ಅವನು ಒರೆಸುವುದನ್ನು ನಿಲ್ಲಿಸಿದ.