ಬಟ್ಟೆಯ ತೂಕ ಕಳೆದು

ನಾನೊಂದು ತೂಕದ ಯಂತ್ರ. ಹಾಗೆಂದ ಕೂಡಲೇ ರೇಷನ್ ಅಂಗಡಿಯದ್ದೋ, ಹಳೇ ಪೇಪರಿನವನದ್ದೋ ಅಂದುಕೊಳ್ಳಬೇಡಿ. ನಾನು ತೂಗಿದ್ದು ಮಕ್ಕಳನ್ನು. ಅದೂ ದಿನ ತುಂಬುವ ಮೊದಲೇ ಹುಟ್ಟಿದ, ಅಂಗೈಯಲ್ಲಿ ಹಿಡಿಸುವಂಥ ಮಕ್ಕಳನ್ನು. ಐದು ಗ್ರಾಂ ಹೆಚ್ಚಾದರೂ ಹೇಳುತ್ತೇನೆ, ಐದು ಗ್ರಾಂ ಕಡಿಮೆಯಾದರೂ ಹೇಳುತ್ತೇನೆ. ಐದು ಗ್ರಾಂ ಯಾವ ಮಹಾ ಅಂತೀರಾ? ಒಂಬೈನೂರು ಗ್ರಾಮಿನ ಮಗುವಿನ ತಾಯಿಯನ್ನು ಕೇಳಿ ನೋಡಿ.

ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಕನ್ನಡಕದ ಹೆಂಗಸೊಬ್ಬಳು ನನ್ನ ತಟ್ಟೆಯಲ್ಲಿ ಒಂದು ಕಿಲೋದ ಹಿತ್ತಾಳೆ ಗುಂಡು ಇಟ್ಟಳು. ಸರಿಯಾಗಿ ಒಂದು ಸಾವಿರ ಅಂತ ತೋರಿಸಿದೆ. ತೆಗೆದಳು, ಸೊನ್ನೆ ಅಂದೆ. ಹತ್ತು ಸಲ ಹೀಗೆ ಪರೀಕ್ಷೆ ಮಾಡಿ, ಹೊಟ್ಟೆಯ ಕೆಳಗೊಂದು ಚೀಟಿ ಅಂಟಿಸಿ, ಡಬ್ಬಿಗೆ ಹಾಕಿ ಕಳಿಸಿದಳು. ಅವತ್ತಿನಿಂದ ಒಂದೂ ಸುಳ್ಳು ಹೇಳಿದವನಲ್ಲ ನಾನು.

ಬಂದು ಸೇರಿದ್ದು ಒಂದು ಜಿಲ್ಲಾಸ್ಪತ್ರೆ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿನವರು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ಮೊದಲೆರಡು ವರ್ಷ ಕೆಳಗಿನ ಮಹಡಿಯಲ್ಲಿ, ಲಸಿಕೆಗೆ ಬರುವ ಗುಂಡು ಗುಂಡು ಮಕ್ಕಳ ಜೊತೆ ಕಳೆಯಿತು. ಒದ್ದರು, ಚೀರಿದರು, ಮೈಮೇಲೆ ಉಚ್ಚೆ ಹೊಯ್ದರು. ಆಮೇಲೆ ಅಲ್ಲಿಗೆ ಹೊಸ ಯಂತ್ರ ಬಂತು ಅಂತ ನನ್ನನ್ನು ಎತ್ತಿಕೊಂಡು ಮೇಲಿನ ನವಜಾತ ಶಿಶು ಘಟಕಕ್ಕೆ ತಂದು, ಕಿಟಕಿ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದರು. ಅಯ್ಯೋ, ಅಲ್ಲಿಯ ಮೊದಲ ಮಗುವನ್ನು ಇಟ್ಟಾಗ ಖಾಲಿ ಬಟ್ಟೆ ಇಟ್ಟರೋ ಏನೋ ಅಂದುಕೊಂಡೆ. ಎಂಟುನೂರ ಎಂಬತ್ತು ಗ್ರಾಂ. ಮೂಗಿಗೆ ಕೊಳವೆ, ಕಾಲು ನನ್ನ ತಟ್ಟೆಯ ಅಂಚಿನಷ್ಟು ದಪ್ಪ.

ಅಲ್ಲಿ ನನ್ನ ಯಜಮಾನಿ ಸಿಸ್ಟರ್ ಎಸ್ತೇರಮ್ಮ. ಇಪ್ಪತ್ತೆರಡು ವರ್ಷದ ಸರ್ವೀಸು, ಗಂಟಲು ದೊಡ್ಡದು, ಕೈ ಮಾತ್ರ ಹೂವು. ದೊಡ್ಡ ಡಾಕ್ಟರು, ಹಂಪಣ್ಣವರ ಅಂತ ಮನೆತನದ ಹೆಸರು, ಒಂಬತ್ತಕ್ಕೆ ಸರಿಯಾಗಿ ರೌಂಡ್ಸಿಗೆ ಬರುವವರು. ಅಷ್ಟರೊಳಗೆ ಎಲ್ಲ ಮಕ್ಕಳ ತೂಕ ಹಾಳೆಯ ಮೇಲೆ ಇರಲೇಬೇಕು. ಅದಕ್ಕೆ ಎಸ್ತೇರಮ್ಮ ಒಂದು ದಾರಿ ಕಂಡುಕೊಂಡಿದ್ದರು. ಎಂಟಕ್ಕೇ ಎಲ್ಲ ಮಕ್ಕಳ ಬಟ್ಟೆ ಬಿಚ್ಚಿ, ಮೇಲೊಂದು ತೆಳುವಾದ ಹೊದಿಕೆ ಎಳೆದು, ನನ್ನ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಮಲಗಿಸುವುದು. ಒಂದನ್ನು ಎತ್ತು, ತೂಗು, ಬರೆ. ಮುಂದಿನದು. ಹದಿನಾಲ್ಕು ಮಕ್ಕಳು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದವು. ಎಸ್ತೇರಮ್ಮನಿಗೆ ಅದರ ಹೆಮ್ಮೆ. ಸತ್ಯ ಹೇಳಬೇಕೆಂದರೆ ನನಗೂ ಇತ್ತು.

ಹೀಗಿರುವಾಗ ಡಾಕ್ಟರ್ ಮೆಹಜಬೀನ್ ಬಂದಳು. ಚಿಕ್ಕ ವಯಸ್ಸಿನ ಹುಡುಗಿ, ಕೈಯಲ್ಲಿ ಕಾಗದದ ಕಟ್ಟು. ಈ ವಾರ್ಡಿನ ಮಕ್ಕಳು ಹಾಲು ಕುಡಿದರೂ ಯಾಕೆ ತೂಕ ಏರುತ್ತಿಲ್ಲ ಅಂತ ಸಂಶೋಧನೆ ಮಾಡುತ್ತಾಳಂತೆ. ಒಂದು ತಿಂಗಳು ಅವಳು ಮಾಡಿದ್ದು ಒಂದೇ ಕೆಲಸ. ಹಾಲಿಗೆ ಮುಂಚೆ, ಹಾಲಾದ ಮೇಲೆ, ಸ್ನಾನಕ್ಕೆ ಮುಂಚೆ, ತೂಕವಾದ ಮೇಲೆ, ಹೀಗೆ ಪ್ರತಿ ಮಗುವಿನ ಕಂಕುಳಿಗೂ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುವುದು.

ತಿಂಗಳಾದ ಮೇಲೆ ಬಂದು ಎಸ್ತೇರಮ್ಮನ ಮುಂದೆ ಹಾಳೆ ಹರಡಿದಳು.

“ಸಿಸ್ಟರ್, ಸಿಟ್ಟಾಗಬ್ಯಾಡ್ರಿ. ಮಕ್ಕಳು ತಣ್ಣಗಾಗೂದು ಇಲ್ಲೇ, ತೂಕದ ಹೊತ್ತಿನಾಗ. ಮೂವತ್ತಾರೂವರಿ ಡಿಗ್ರಿ ಇರಬೇಕಾದ ಮೈ, ಸಾಲಿನ ಕೊನೀ ಕೂಸಿಂದು ಮೂವತ್ತೈದಕ್ಕ ಇಳೀತೈತಿ. ಆಮ್ಯಾಲ ಕುಡಿದ ಹಾಲೆಲ್ಲಾ ಮೈ ಬೆಚ್ಚಗ ಮಾಡ್ಕೊಳ್ಳಾಕ ಖರ್ಚ ಆಗ್ತೈತಿ.”

“ಅಂದ್ರ ಇಷ್ಟು ವರ್ಷ ನಾ ಕೂಸುಗಳನ್ನ ನಡುಗಿಸೇನಿ ಅಂತೀರೇನು?” ಅಂದರು ಎಸ್ತೇರಮ್ಮ. ಆಮೇಲೆ ಎರಡು ದಿನ ಅವಳ ಜೊತೆ ಮಾತು ಬಿಟ್ಟರು. ಮೂರನೇ ದಿನ ತಾವೇ ಥರ್ಮಾಮೀಟರ್ ಹಿಡಿದು ಸಾಲಿನ ಕೊನೆಯ ಮಗುವನ್ನು ನೋಡಿದರು. ಮೂವತ್ತೈದು ಪಾಯಿಂಟ್ ಒಂದು. ಕಟ್ಟೆಗೆ ಒರಗಿ ನಿಂತವರು ಕಣ್ಣು ಒರೆಸಿಕೊಂಡರು. “ನನಗ ಯಾರೂ ಹೇಳಲಿಲ್ಲಲ್ಲೋ ಯಪ್ಪಾ” ಅಂದರು.

ಇತ್ತ ಅಟೆಂಡರುಗಳು ನನ್ನ ಕಡೆ ಬೊಟ್ಟು ಮಾಡತೊಡಗಿದರು, ಈ ಯಂತ್ರದ ದೆಸೆಯಿಂದಲೇ ಮಕ್ಕಳಿಗೆ ಥಂಡಿ ಅಂತ. ನನಗೆ ಮೈಯೆಲ್ಲ ಉರಿಯಿತು. ಕಿಟಕಿ ಪಕ್ಕ ಕೂರಿಸಿದವರು ಯಾರು? ಸಾಲು ಹಚ್ಚಿದವರು ಯಾರು? ಒಂಬತ್ತರ ಗಡಿಯಾರ ಯಾರದು? ಕೇಳಿದ್ದಕ್ಕೆ ಉತ್ತರ ಹೇಳಿದ್ದಷ್ಟೇ ನಾನು. ನನ್ನ ತಲೆಗೆ ಕಟ್ಟಬೇಡಿ!

ಮೆಹಜಬೀನ್ ಹೊಸ ಪದ್ಧತಿ ತಂದಳು. ಆರು ವಾರ ನಡೆಸಿ ನೋಡೋಣ ಅಂದಳು. ಮಗು ನನ್ನ ಬಳಿ ಬರುವುದಿಲ್ಲ, ನನ್ನನ್ನೇ ಗಾಲಿಯ ಮೇಜಿನ ಮೇಲೆ ಮಗುವಿನ ಬಳಿ ಒಯ್ಯುತ್ತಾರೆ. ಬೆಚ್ಚಗಿನ ಬಟ್ಟೆಯೊಂದನ್ನು ತಟ್ಟೆಗೆ ಹಾಸಿ, ಗುಂಡಿ ಒತ್ತಿ ನನ್ನನ್ನು ಸೊನ್ನೆಗೆ ತಂದು, ಆಮೇಲೆ ಮಗುವನ್ನಿಟ್ಟು ಅದೇ ಬಟ್ಟೆ ಸುತ್ತುತ್ತಾರೆ. ತೂಗಿದ ಕೂಡಲೇ ತಾಯಿಯ ಎದೆಗೆ. ತಾಯಂದಿರನ್ನು ಗಾಜಿನ ಬಾಗಿಲ ಆಚೆ ನಿಲ್ಲಿಸುತ್ತಿದ್ದ ವಾರ್ಡಿನೊಳಗೆ ಈಗ ಅವರಿಗೂ ಜಾಗ ಸಿಕ್ಕಿತು.

ನಾಲ್ಕನೇ ವಾರದ ಕೊನೆಗೆ ಹಾಗೆ ಒಳಗೆ ಬಂದವಳು ಯಮನವ್ವ. ಮೆಣಸಿನಕಾಯಿ ಮಾರ್ಕೆಟಿನ ದಲಾಲಿ ಅಂಗಡಿಯಲ್ಲಿ ತೊಟ್ಟು ಬಿಡಿಸುವವಳು. ಏಳೂವರೆ ತಿಂಗಳಿಗೆ ಹೆರಿಗೆಯಾಗಿತ್ತು, ಹೆಣ್ಣು ಮಗು. ಹಿಂದಿನ ಎರಡು ಮಕ್ಕಳು ಉಳಿದಿರಲಿಲ್ಲ. ಮಗಳು ನನ್ನ ಮೇಲೆ ಮೊದಲು ಮಲಗಿದಾಗ ಒಂದು ಸಾವಿರದ ನಲವತ್ತು ಗ್ರಾಂ. ಹಾಲು ಹೋಗುತ್ತಿದ್ದದ್ದು ಮೂಗಿನ ಕೊಳವೆಯಲ್ಲಿ. ಯಮನವ್ವ ಅಂಕಿಯನ್ನು ಓದುವ ರೀತಿಯೇ ಬೇರೆ. ಬೇರೆ ತಾಯಂದಿರು ಸಿಸ್ಟರ್ ಮುಖ ನೋಡುತ್ತಿದ್ದರು. ಇವಳು ನೆಟ್ಟಗೆ ನನ್ನ ಮುಖ ನೋಡುತ್ತಿದ್ದಳು.

ದಿನಕ್ಕೆ ಹತ್ತು, ಹದಿನೈದು ಗ್ರಾಂ. ಮಗು ಏರತೊಡಗಿತು. ಏರಿದ ಒಂದೊಂದು ಗ್ರಾಮನ್ನೂ ಯಮನವ್ವ ಬಾಯಲ್ಲೇ ಕೂಡಿಸಿಟ್ಟುಕೊಳ್ಳುತ್ತಿದ್ದಳು.

ಆದರೆ ಹೊಸ ಪದ್ಧತಿಗೆ ಒಂದೂವರೆ ಗಂಟೆ ಬೇಕು. ಹಂಪಣ್ಣವರ ರೌಂಡ್ಸಿಗೆ ಬಂದಾಗ ಅರ್ಧ ಹಾಳೆ ಖಾಲಿ ಇರುತ್ತಿತ್ತು. ದಿನಾ ಗೊಣಗುತ್ತಿದ್ದರು. ಆರನೇ ವಾರದ ಕೊನೆಯ ದಿನ, ಈ ಪದ್ಧತಿ ಇರಬೇಕೋ ಹೋಗಬೇಕೋ ತೀರ್ಮಾನಿಸುತ್ತೇನೆ ಅಂತ ಎಂಟೂವರೆಗೇ ಬಂದು ಗಡಿಯಾರ ನೋಡುತ್ತಾ ನಿಂತರು. ಎಸ್ತೇರಮ್ಮನ ಕೈ ಗಡಿಬಿಡಿಗೆ ಬಿತ್ತು. ಯಮನವ್ವನ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಸೀದಾ ನನ್ನ ಮೇಲೆ ಇಟ್ಟುಬಿಟ್ಟರು. ಗುಂಡಿ ಒತ್ತಲಿಲ್ಲ.

ನಾನೇನು ಮಾಡಲಿ? ಇಟ್ಟದ್ದನ್ನು ತೂಗಿದೆ. ಒಂದು ಸಾವಿರದ ಇನ್ನೂರ ಮೂವತ್ತೈದು.

“ನಿನ್ನೆ ಸಾವಿರದ ನೂರಾ ಎಪ್ಪತ್ತು ಇತ್ತಲ್ಲ! ಒಂದ ದಿನಕ್ಕ ಅರವತ್ತೈದು ಗ್ರಾಂ?” ಅಂದರು ಹಂಪಣ್ಣವರ, ಮೊದಲ ಸಲ ಮುಖ ಅರಳಿಸಿ. “ಭೇಷ್! ಇನ್ನ ಈ ಕೂಸಿಗೆ ಇಲ್ಲಿ ಏನ್ ಕೆಲಸ? ಮೂಗಿನ ಕೊಳವಿ ತಗದು ಹೊರಗಿನ ವಾರ್ಡಿಗೆ ಕಳಿಸ್ರಿ.”

ಮೆಹಜಬೀನ್ ಪೆನ್ನು ತೆರೆದಿದ್ದಳು. ಅವಳ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಅಂಕಿ ಬೇಕೇ? ಎಸ್ತೇರಮ್ಮ ಗೆದ್ದ ಮುಖ ಮಾಡಿ ನಿಂತಿದ್ದರು. ನನಗೆ ಮಾತ್ರ ಗೊತ್ತಿತ್ತು, ಆ ಅಂಕಿ ಬರೀ ಮಗುವಿನದಲ್ಲ, ಕೊಳವೆ ತೆಗೆದರೆ ಚೀಪಿ ಕುಡಿಯುವ ಶಕ್ತಿ ಅದಕ್ಕೆ ಇನ್ನೂ ಬಂದಿಲ್ಲ ಅಂತ. ಬಾಯಿಲ್ಲದ ಜನ್ಮ ನನ್ನದು. ಥೂ ಅನಿಸಿತು.

“ಸುಳ್ಳದು” ಅಂದಳು ಯಮನವ್ವ.

ಎಲ್ಲರೂ ತಿರುಗಿ ನೋಡಿದರು.

“ಚೀಲದ ತೂಕ ಕಳದಿಲ್ರೀ ಅಕ್ಕಾರ. ಬಟ್ಟಿ ಸುದ್ದಾ ಸೇರೈತಿ.”

ಎಸ್ತೇರಮ್ಮ ಬಟ್ಟೆ ಹಾಸಿ ಗುಂಡಿ ಒತ್ತಿ ಮತ್ತೆ ತೂಗಿದರು. ಒಂದು ಸಾವಿರದ ನೂರಾ ಎಂಬತ್ತು. ಏರಿದ್ದು ಹತ್ತೇ ಗ್ರಾಂ. ತನ್ನ ಮಗಳ ಐವತ್ತೈದು ಗ್ರಾಮನ್ನು ತಾನೇ ಬಾಯಿಬಿಟ್ಟು ಕಳೆದವಳು ಅವಳು. ನಾನು ಅದೆಷ್ಟೋ ತಾಯಂದಿರನ್ನು ನೋಡಿದ್ದೇನೆ, ಇಂಥವಳನ್ನು ನೋಡಿಲ್ಲ.

ಹಂಪಣ್ಣವರ ಮುಖ ಕೆಂಪಾಯಿತು. “ನೋಡಿದ್ರಿಲ್ಲೋ? ಈ ಬಟ್ಟಿ ಕಾರಭಾರದಾಗ ಹಿಂಗ ತಪ್ಪ ಆಗೂದು. ನಾಳಿಂದ ಮೊದಲಿನಂಗ ಬರೇ ಮೈಲೆ ತೂಗ್ರಿ. ಮುಗೀತು.”

“ಯಾಕ್ರಿ ಸಾಹೇಬ್ರ?” ಯಮನವ್ವ ಮಗುವನ್ನು ಎದೆಗೆ ಕಟ್ಟಿಕೊಳ್ಳುತ್ತಲೇ ಕೇಳಿದಳು. “ಮಾರ್ಕೆಟ್ಟಿನ್ಯಾಗ ಚೀಲ ಹರದು ಮೆಣಸಿನಕಾಯಿ ನೆಲಕ್ಕ ಸುರವಿ ತೂಗ್ತಾರೇನ್ರಿ? ಚೀಲದ ತೂಕ ಕಳೀತಾರ. ಮೆಣಸಿನಕಾಯಿಗೆ ಇರೋ ಮರ್ಯಾದಿ ನನ್ನ ಕೂಸಿಗಿಲ್ಲೇನು? ಬಟ್ಟಿ ತಗೀಬ್ಯಾಡ್ರಿ. ಬಟ್ಟಿ ತೂಕ ಕಳೀರಿ.”

ಹಂಪಣ್ಣವರ ಎಸ್ತೇರಮ್ಮನ ಕಡೆ ತಿರುಗಿ, “ಹೇಳಿದ್ದು ಕೇಳಿಸ್ತಿಲ್ಲೋ ಸಿಸ್ಟರ್?” ಅಂದರು.

“ಕೇಳಿಸ್ತು ಸರ್. ಗುಂಡಿ ಒತ್ತಲಾರದ್ದು ನಂದ ತಪ್ಪು, ಬರಕೋರಿ. ಆದ್ರ ನಾಳೆನೂ ನಾ ಹಿಂಗ ತೂಗಾಕಿ. ಕೂಸುಗಳನ್ನ ಬರೇ ಮೈಲೆ ಕಟ್ಟಿ ಮ್ಯಾಲೆ ಸಾಲು ಹಚ್ಚಿ ಮಲಗಸ್ರಿ ಅಂತ ನೀವು ಬರದು ಸಹಿ ಮಾಡಿ ಕೊಡ್ರಿ. ಕೊಟ್ರ ಮಾಡ್ತೀನಿ.”

ಮೆಹಜಬೀನ್ ತನ್ನ ಕಾಗದದ ಕಟ್ಟಿನಿಂದ ಒಂದು ಬಿಳಿ ಹಾಳೆ ಎಳೆದು, ಪೆನ್ನಿನ ಜೊತೆ ನನ್ನ ಪಕ್ಕದಲ್ಲಿಟ್ಟಳು. ಹಂಪಣ್ಣವರ ಆ ಹಾಳೆಯನ್ನು ನೋಡಿದರು. ಅಂಥದ್ದನ್ನು ಬರೆದು ಕೆಳಗೆ ಸಹಿ ಹಾಕುವ ಡಾಕ್ಟರು ಎಲ್ಲಿದ್ದಾರೆ ಹೇಳಿ? “ಕೊಳವಿ ಇರಲಿ” ಅಂದರು ಕಡೆಗೆ. ಬಾಗಿಲಲ್ಲಿ ನಿಂತು, “ರೌಂಡ್ಸ್ ನಾಳಿಂದ ಹತ್ತಕ್ಕ” ಅಂದು ಹೋದರು.

ಅಂದೇ ಯಮನವ್ವ ಹೇಳಿಕೊಟ್ಟಂತೆ ಎಸ್ತೇರಮ್ಮ ವಾರ್ಡಿನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ನನ್ನ ಮೇಲೆ ತೂಗಿ, ಮೂಲೆಯಲ್ಲಿ ಅಳಿಸದ ಶಾಯಿಯಿಂದ ತೂಕ ಬರೆದರು. ಗುಂಡಿ ಮರೆತರೂ ಕಳೆಯಲು ಬರಲಿ ಅಂತ. ಯಮನವ್ವ ಎದೆಗೆ ಮಗಳನ್ನು ಕಟ್ಟಿಕೊಂಡೇ ಅಂಕಿ ಕೂಗಿ ಹೇಳಿದಳು. ಐದು ವಾರದ ಮೇಲೆ ಆ ಮಗು ಚೀಪಿ ಹಾಲು ಕುಡಿಯುತ್ತಾ, ಒಂದು ಸಾವಿರದ ಎಂಟುನೂರು ದಾಟಿ ಮನೆಗೆ ಹೋಯಿತು.

ಈಗ ನಾನು ಉಗ್ರಾಣದಲ್ಲಿದ್ದೇನೆ. ಅಂಕಿ ತೋರಿಸುವ ಗಾಜು ಒಡೆದಿದೆ, ‘ಬಳಕೆಗೆ ಯೋಗ್ಯವಲ್ಲ’ ಅಂತ ಚೀಟಿ ಅಂಟಿಸಿದ್ದಾರೆ. ಅಂಟಿಸಲಿ. ಮೆಹಜಬೀನಳ ಸಂಶೋಧನೆ ಅಚ್ಚಾಯಿತಂತೆ, ಬೇರೆ ಆಸ್ಪತ್ರೆಗಳಲ್ಲೂ ಹೀಗೇ ತೂಗುತ್ತಾರಂತೆ. ಮೊನ್ನೆ ಅವಳೂ ಎಸ್ತೇರಮ್ಮನೂ ಇಲ್ಲೇ ನಿಂತು ಅದನ್ನು ಓದಿದರು. ಅದರಲ್ಲಿ ಒಂದು ಸಾಲಿದೆ: ‘ಒಬ್ಬ ತಾಯಿಯ ಸಲಹೆಯಂತೆ ಬಟ್ಟೆಗಳ ಮೇಲೆ ತೂಕ ಗುರುತಿಸಲಾಯಿತು.’ ಒಬ್ಬ ತಾಯಿ ಅಂದರೆ ಯಾರು ಅಂತ ಎಸ್ತೇರಮ್ಮ ಕೇಳಿದರು. ಹೆಸರು ಬರೆಯುವಂತಿಲ್ಲ, ಸಂಶೋಧನೆಯ ನಿಯಮ ಹಾಗಿದೆ ಅಂತ ಮೆಹಜಬೀನ್ ತಲೆ ತಗ್ಗಿಸಿದಳು.

ನಿಯಮ ಡಾಕ್ಟರಿಗಿರಬಹುದು. ನಾನು ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ. ಗುಜರಿಗೆ ಹಾಕುವುದಿದ್ದರೆ ನಾಳೆಯೇ ಹಾಕಿ, ಹೆದರುವುದಿಲ್ಲ. ಆಕೆಯ ಹೆಸರು ಯಮನವ್ವ. ಬರೆದುಕೊಳ್ಳಿ.